ಅಲ್ಪಬೆಲೆಯ ಗಿಟಾರಿನ ಪರೀಕ್ಷೆ

ಹೊಸೂರು, ದೆಂಕಣಿಕೋಟೆ, ತಳಿಯ ಕಡೆಯ ಕನ್ನಡ ಮನೆಗಳ ಹಿರಿಯರು, ಮಗನೋ ಮೊಮ್ಮಗಳೋ ಗಿಟಾರು ಬೇಕೆಂದು ಹಟ ಹಿಡಿದಾಗ, ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನ ಅಂಗಡಿಯೊಂದನ್ನು ಹೊಕ್ಕು, 10,000 ರೂಪಾಯಿಗಳೊಳಗಿನ ವಾದ್ಯಗಳ ಸಾಲಿನೆದುರು ನಿಂತು, ಮೆರುಗೆಣ್ಣೆಯ ಹೊಳಪನ್ನೇ ಗುಣವೆಂದು ಭ್ರಮಿಸುವುದುಂಟು. ಆ ಬೆಲೆಗೆ ನಾದಮಾಧುರ್ಯವನ್ನು ಅಪೇಕ್ಷಿಸುವುದು ಅಷ್ಟೇನೂ ಯುಕ್ತವಲ್ಲ. ಸ್ವರಶುದ್ಧಿಯನ್ನು ಮಾತ್ರ ಪಟ್ಟುಹಿಡಿದು ಕೇಳಬೇಕು. ಮಂಕಾದ ನಾದವನ್ನು ಕಿವಿ ಸಹಿಸೀತು. ಅಪಸ್ವರಕ್ಕೆ ಒಗ್ಗಿದ ಎಳೆಯ ಕಿವಿಯನ್ನು ತಿದ್ದುವುದು ಯಾವ ಗುರುವಿಗೂ ಪ್ರಯಾಸವೇ.

ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುವುದರಿಂದ, ಕಾಲಾಂತರದಲ್ಲಿ ಸ್ಥಾನ ಕೆಟ್ಟರೂ, ಬಲ್ಲವನು ಕಿವಿಯನ್ನೇ ಪ್ರಮಾಣವಾಗಿಟ್ಟುಕೊಂಡು ಮತ್ತೆ ಮೇಳ ಕಟ್ಟಬಲ್ಲನು. ಗಿಟಾರಿನ ಫ್ರೆಟ್ಟುಗಳಾದರೋ ಮರದಲ್ಲಿ ಕೊಯ್ದ ಸೀಳುಗಳೊಳಗೆ ಬಿಗಿದು ಕೂರಿಸಿದಂಥವು. ಕಾರ್ಖಾನೆಯಲ್ಲಾದ ಪ್ರಮಾದಕ್ಕೆ ಮನೆಯಲ್ಲಿ ಪರಿಹಾರವಿಲ್ಲ. ಆದುದರಿಂದ ತಂತಿಗಳನ್ನು ಶ್ರುತಿಗೊಳಿಸಿದ ಮೇಲೆ, 12ನೆಯ ಫ್ರೆಟ್ಟಿನ ನೇರಕ್ಕೆ ಬೆರಳನ್ನು ಒತ್ತದೆ ಸೋಕಿಸಿ, ಮೀಟಿದೊಡನೆ ಎತ್ತಿ, ಹೊಮ್ಮುವ ತೆಳುವಾದ ಸ್ವರವನ್ನು ಕೇಳಿರಿ. ಅನಂತರ ಅದೇ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಮೀಟಿರಿ. ಎರಡೂ ಒಂದೇ ಸ್ವರವಾಗಿರಬೇಕು. ಒತ್ತಿದ ಸ್ವರ ಏರಿದ್ದರೆ ತಂತಿ ಅತಿ ಎತ್ತರದಲ್ಲಿರಬಹುದು, ಇಲ್ಲವೆ ಕುದುರೆಯೇ ಸ್ಥಾನ ತಪ್ಪಿರಬಹುದು. ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ತಳದಲ್ಲಿ ಉಜ್ಜಿಸಿ ಎತ್ತರವನ್ನು ತಗ್ಗಿಸಬಹುದು. 12ನೆಯ ಫ್ರೆಟ್ಟಿನ ಮೇಲೆ ಎರಡೂವರೆ ಮಿಲಿಮೀಟರಿನಷ್ಟು ಎಡೆಯಿದ್ದರೆ ಬೆರಳಿಗೆ ಹಿತ. ಕುದುರೆಯನ್ನೇ ತಪ್ಪಾಗಿ ಅಂಟಿಸಿದ್ದ ಪಕ್ಷದಲ್ಲಿ ಆ ವಾದ್ಯವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ತಂಬೂರಿಯ ಶ್ರುತಿಯಲ್ಲಿ ಬೆಳೆದವರಿಗೆ ಇಲ್ಲೊಂದು ಎಚ್ಚರಿಕೆ. ಗಿಟಾರಿನ ಅಂತರಗಾಂಧಾರ ಕಿಂಚಿತ್ ಏರಿದಂತೆ ಕೇಳಿಸುವುದು ದೋಷವಲ್ಲ, ಸ್ಥಾಯಿಯನ್ನು ಸಮಪ್ರಮಾಣದ 12 ಪಾಲು ಮಾಡಿದ ಪಾಶ್ಚಾತ್ಯ ವ್ಯವಸ್ಥೆಯ ಫಲ; ತಂಬೂರಿಯಲ್ಲಿ ತಾನಾಗಿ ಉದಿಸುವ ಗಾಂಧಾರಕ್ಕಿಂತ ಅದು ಒಂದು ಪಾಲಿನ ಏಳನೆಯ ಒಂದಂಶದಷ್ಟು ಮೇಲಿದೆ. ಲಕ್ಷ ರೂಪಾಯಿಯ ಗಿಟಾರಿನಲ್ಲೂ ಹಾಗೆಯೇ. ಇಂಥ ಮೆಟ್ಟಿಲುಗಳ ಮೇಲೆಯೇ ತಂತಿಯನ್ನು ಎಳೆದು ಜಾರಿಸಿ ಗಮಕಗಳನ್ನು ಹೊಮ್ಮಿಸುವ ಗಿಟಾರ್ ಪ್ರಸನ್ನರ ವಾದನವನ್ನು ಕೇಳಿದವರು, ವಾದ್ಯದ ಮಿತಿಯನ್ನು ನಿಂದಿಸಲು ಸ್ವಲ್ಪ ಹಿಂದೆಮುಂದೆ ನೋಡಿಯಾರು.

ಇನ್ನು ಮರದ ಮಾತು. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ: ಮೇಲ್ಮೈಯ ಎಳೆಗಳು ಅಂಚಿನಲ್ಲೂ ಅಖಂಡವಾಗಿ ಇಳಿದಿದ್ದರೆ ಇಡೀ ಹಲಗೆ, ಪದರಗಳು ಕಂಡರೆ ಪ್ಲೈವುಡ್. ಇಡೀ ಹಲಗೆಯ ನಾದ ಶ್ರೇಷ್ಠವೆಂಬುದು ನಿಜ. ಆದರೆ ಹೊಸೂರಿನ ತಂಪಿನಿಂದ ಶೂಲಗಿರಿಯ ಮಾರ್ಗವಾಗಿ ಕೃಷ್ಣಗಿರಿಯ ಬಿಸಿಲಿಗೆ ಬಸ್ಸಿನಲ್ಲಿ ಹೊತ್ತು ತಿರುಗುವ ವಿದ್ಯಾರ್ಥಿಗೆ ಬಿರುಕು ಬಿಡದ ಪ್ಲೈವುಡ್ಡೇ ಲೇಸೆಂದು ನನ್ನ ಮತ. ನಮ್ಮ ಬೀಟೆಮರಕ್ಕಾಗಿ ಹಂಬಲಿಸುವುದೂ ಬೇಡ. 1969ರಲ್ಲಿ ಅಮೆರಿಕದ ಮಾರ್ಟಿನ್ ಸಂಸ್ಥೆಯವರು ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ಹೊರಳಿದಂದಿನಿಂದ ಅದು ಸಿರಿವಂತರ ವಾದ್ಯಗಳ ಪಾಲಾಗಿದೆ.

ಬಿರಡೆಗಳು ಸಡಿಲವಿಲ್ಲದೆ ತಿರುಗಿದರೆ ಸಾಕು. ಅಂಗಡಿಯಲ್ಲಿ ಬಹುಕಾಲ ತೂಗಿದ ವಾದ್ಯದ ತಂತಿ ತುಕ್ಕು ಹಿಡಿದಿರುವುದು ಸಹಜವಾದ್ದರಿಂದ, ಹೊಸ ತಂತಿ ಹಾಕಿಸಿ ಕೇಳಿದ ಮೇಲೆಯೇ ನಾದದ ವಿಷಯದಲ್ಲಿ ತೀರ್ಪು ಕೊಡತಕ್ಕದ್ದು.