ಅಟ್ಟದ ಮೇಲಿನ ಹಾರ್ಮೋನಿಯಂ

ಜರಗನಹಳ್ಳಿಯ ನಮ್ಮ ಮನೆ ಚಿಕ್ಕದು. ಕನಕಪುರ ರಸ್ತೆಯ ಬಸ್ಸುಗಳ ಸದ್ದು, ಪಕ್ಕದ ಗಲ್ಲಿಯ ಮದುವೆ ಬ್ಯಾಂಡಿನ ಸದ್ದು, ಎಲ್ಲವೂ ಹೇಳದೆ ಕೇಳದೆ ಒಳಗೆ ಬರುತ್ತವೆ. ಒಳಗಿನಿಂದ ಹೊರಗೆ ಹೋಗುತ್ತಿದ್ದ ಒಂದೇ ಒಂದು ಸದ್ದನ್ನು ಹೋದ ವರ್ಷ ನಾನೇ ನಿಲ್ಲಿಸಿಬಿಟ್ಟೆ.

ಎಂಟನೆಯ ತರಗತಿಯ ಮಗಳು ಹಾರ್ಮೋನಿಯಂ ಕಲಿಯುತ್ತಿದ್ದಳು. ಬಂಧುವೊಬ್ಬರು ಒಂದು ಸಣ್ಣ ಪುಸ್ತಿಕೆಯನ್ನು ನನ್ನ ಕೈಗಿಟ್ಟು, "ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ವಾದ್ಯ ಹರಾಮು, ಇನ್ನು ಸಾಕು" ಎಂದರು. ಅವರ ಮಗನ ಮದುವೆಯಲ್ಲಿ ಬ್ಯಾಂಡು ಮೂರು ಗಂಟೆ ಬಾರಿಸಿದ್ದು ನನಗೆ ನೆನಪಿತ್ತು. ಆದರೂ ಬಾಯಿ ಬರಲಿಲ್ಲ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಪುಸ್ತಿಕೆಯನ್ನು ಓದಿದ್ದು ಆಮೇಲೆ.

ಪುಸ್ತಿಕೆ ಸುಳ್ಳು ಹೇಳಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮುಂದೊಂದು ಕಾಲಕ್ಕೆ ಜನ ರೇಷ್ಮೆ, ಮದ್ಯ, ವಾದ್ಯಗಳನ್ನು ಸಲ್ಲುವಂಥವೆಂದು ಮಾಡಿಕೊಳ್ಳುತ್ತಾರೆ ಎಂಬ ಎಚ್ಚರಿಕೆಯ ಹದೀಸ್ ಬುಖಾರಿಯ ಸಂಗ್ರಹದಲ್ಲಿದೆ. ನಾಲ್ಕು ಪಂಥಗಳ ಹೆಚ್ಚಿನ ಪಂಡಿತರು ಬಹುಪಾಲು ವಾದ್ಯಗಳನ್ನು ಬೇಡವೆಂದೇ ಹೇಳಿದ್ದಾರೆ. ನನ್ನ ತಕರಾರು ಪುಸ್ತಿಕೆ ಬಿಟ್ಟದ್ದರ ಬಗ್ಗೆ.

ಆ ಹದೀಸಿನ ವರದಿಯ ಸರಪಳಿ ಕಡಿದಿದೆ ಎಂದು ಹನ್ನೊಂದನೆಯ ಶತಮಾನದ ಸ್ಪೇನಿನ ಇಬ್ನ್ ಹಜ್ಮ್ ವಾದಿಸಿದರು. ಇಲ್ಲ, ಅದು ಗಟ್ಟಿಯಾಗಿದೆ ಎಂದು ಬೇರೆಯವರು ಉತ್ತರ ಕೊಟ್ಟರು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ತಂತಿವಾದ್ಯಗಳನ್ನು ಬೇಡವೆಂದರೂ ಅದಕ್ಕೆ ಕೊಟ್ಟ ಕಾರಣ ಬೇರೆ. ಅವು ಕುಡುಕರ ಕೂಟದ ಗುರುತಾಗಿದ್ದವು. ಇಂಪಾಗಿರುವುದೇ ತಪ್ಪಾದರೆ ಹಕ್ಕಿಯ ಕೊರಳೂ ತಪ್ಪಾಗಬೇಕಲ್ಲ ಎಂಬುದು ಅವರ ತರ್ಕ. ಹಾಗಾದರೆ ಕುಡುಕರ ಗುರುತು ನಮ್ಮ ಹಾರ್ಮೋನಿಯಂಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಪುಸ್ತಿಕೆ ಕೇಳುವುದೇ ಇಲ್ಲ.

ಅದಕ್ಕಿಂತ ದೊಡ್ಡ ಮರೆವು ಇನ್ನೊಂದಿದೆ. ಹಬ್ಬದ ದಿನ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಡಿದು ಹಾಡುತ್ತಿದ್ದರು. ತಂದೆ ಅಬೂಬಕರ್ ಬಂದು ಗದರಿದರು. ಬಿಟ್ಟುಬಿಡಿ, ಇದು ಹಬ್ಬದ ದಿನ ಎಂದವರು ಸ್ವತಃ ಪ್ರವಾದಿಯವರು. ರುಬಯ್ಯಿ ಎಂಬ ಮದುಮಗಳ ಮನೆಗೆ ಪ್ರವಾದಿಯವರು ಬಂದಾಗಲೂ ಹುಡುಗಿಯರು ದಫ್ ಬಡಿಯುತ್ತಿದ್ದರು. ಇವೂ ಬುಖಾರಿಯಲ್ಲೇ ಇವೆ, ಎರಡನ್ನೂ ಹೇಳಿದವರು ಹೆಂಗಸರು. ಅಂದರೆ ವಾದ್ಯಕ್ಕೆ ಸಿಕ್ಕ ಅತ್ಯಂತ ಸ್ಪಷ್ಟವಾದ ಅನುಮತಿ ಹುಡುಗಿಯರ ಕೈಯಲ್ಲಿದ್ದ ವಾದ್ಯಕ್ಕೇ ಸಿಕ್ಕಿದ್ದು!

ಅದು ಬರೀ ದಫ್, ಅವರು ಬರೀ ಚಿಕ್ಕ ಹುಡುಗಿಯರು ಎನ್ನುತ್ತಾರೆ. ಇರಬಹುದು. ನನ್ನ ಮಗಳಾದರೂ ಎಷ್ಟು ದೊಡ್ಡವಳು?

ನಮ್ಮ ನಾಡನ್ನೇ ನೋಡಿ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಶಿಶುನಾಳದ ಶರೀಫರನ್ನು ತಂಬೂರಿಯಿಲ್ಲದೆ ಊಹಿಸಿಕೊಳ್ಳಲು ನಮಗೆ ಆಗದು. ಧಾರವಾಡದ ರಹಿಮತ್ ಖಾನರ ಸಿತಾರನ್ನು ಮೊಮ್ಮಗ ಬಾಲೇಖಾನ್ 2007ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು. ಕಲಬುರಗಿಯ ಬಂದೇನವಾಜರ ದರ್ಗಾದ ಕವ್ವಾಲಿಗೆ ನಮ್ಮ ಗಂಡಸರು ತಲೆದೂಗುತ್ತಾರೆ. ಇವರನ್ನೆಲ್ಲ ನಾವು ಹೆಮ್ಮೆಯಿಂದಲೇ ನೆನೆಯುತ್ತೇವೆ.

ಆದರೆ 2013ರಲ್ಲಿ ಕಾಶ್ಮೀರದ ಮೂವರು ಶಾಲಾ ಹುಡುಗಿಯರು ಗಿಟಾರು, ಡ್ರಮ್ಮು ಹಿಡಿದಾಗ ಅಲ್ಲಿನ ಮುಖ್ಯ ಮುಫ್ತಿ ಅದು ಧರ್ಮಕ್ಕೆ ವಿರುದ್ಧವೆಂದರು. 'ಪ್ರಗಾಶ್' ಎಂಬ ಅವರ ತಂಡ ಅಲ್ಲಿಗೇ ಮುಗಿಯಿತು. 2017ರಲ್ಲಿ ಶಿವಮೊಗ್ಗ ಜಿಲ್ಲೆಯ ಸುಹಾನಾ ಸಯ್ಯದ್ ಕನ್ನಡದ ಟೀವಿ ಸ್ಪರ್ಧೆಯಲ್ಲಿ ತಲೆವಸ್ತ್ರ ತೊಟ್ಟು ಭಕ್ತಿಗೀತೆ ಹಾಡಿದಾಗ, ಪರಪುರುಷರ ಮುಂದೆ ಹಾಡಿದಳೆಂದು ಬೈದರು. ಶಾಸ್ತ್ರ ಒಂದೇ ಇದ್ದರೂ ಅದರ ಭಾರ ಬೀಳುವುದು ಮಾತ್ರ ಒಂದೇ ಕಡೆಗೆ.

ದಖನಿ ಮಾತಿನಲ್ಲಿ ಚಕ್ಕಿನಾಮಾ ಎಂಬ ಹಾಡುಗಳಿವೆ. ವಿಜಾಪುರ ಸೀಮೆಯಲ್ಲಿ ಹೆಂಗಸರು ಬೀಸುಕಲ್ಲು ತಿರುಗಿಸುತ್ತ, ಅದರ ಸುತ್ತಿಗೆ ಸರಿಯಾಗಿ ದೇವರ ಹೆಸರು ಸೇರಿಸಿ ಹಾಡುತ್ತಿದ್ದರು. ಆ ಕಲ್ಲೇ ಅವರ ವಾದ್ಯ. ಅದರಿಂದ ಹಿಟ್ಟು ಬರುತ್ತಿತ್ತಲ್ಲ, ಅದಕ್ಕೇ ಯಾರೂ ಬೇಡವೆನ್ನಲಿಲ್ಲವೋ ಏನೋ!

ನನಗೆ ಒಬ್ಬ ಅಕ್ಕ ಇದ್ದಾಳೆ. ವಾದ್ಯ ಬೇಡವೆಂದು ನಂಬಿದವಳು. ಮಗನ ಮದುವೆಗೂ ಬ್ಯಾಂಡು ಕರೆಸಲಿಲ್ಲ. ಅವಳ ಮುಂದೆ ನಾನು ತಲೆ ಬಾಗುತ್ತೇನೆ, ಏಕೆಂದರೆ ಅವಳು ಆ ನಿಯಮವನ್ನು ಮೊದಲು ತನಗೆ ಹಾಕಿಕೊಂಡಿದ್ದಾಳೆ. ನಾನು ಹಾಗೆ ಮಾಡಲಿಲ್ಲ. ನನ್ನ ರೇಡಿಯೋ ಅಡುಗೆಮನೆಯಲ್ಲೇ ಇತ್ತು, ಮಗಳ ಪೆಟ್ಟಿಗೆ ಮಾತ್ರ ಅಟ್ಟ ಹತ್ತಿತು. ನಾನು ಅಂಜಿದ್ದು ದೇವರಿಗಲ್ಲ, ಬಂಧುಗಳಿಗೆ.

ಹೋದ ಭಾನುವಾರ ಏಣಿ ಹಾಕಿ ಪೆಟ್ಟಿಗೆ ಇಳಿಸಿದೆ. ತಿದಿಗೆ ಧೂಳು ಹಿಡಿದಿತ್ತು, ಎರಡು ಮನೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಮಗಳು ಮುಟ್ಟಲಿಲ್ಲ. "ಮತ್ತೆ ಯಾರಾದರೂ ಬಂದರೆ?" ಎಂದಳು.

"ಬಂದರೆ ಅವರ ಹತ್ತಿರ ನಾನು ಮಾತಾಡುತ್ತೇನೆ, ನೀನು ನುಡಿಸು" ಎಂದೆ.