ಯಂತ್ರಬುದ್ಧಿಯ ಅಳತೆಯೂ ಚಲಚ್ಚಿತ್ರದ ಧ್ವನಿಯೂ

ಕಾವ್ಯವಿಮರ್ಶೆಯು ಸಹೃದಯನ ಅನುಭವವನ್ನೇ ಪ್ರಮಾಣವಾಗಿ ಹಿಡಿದು ಬೆಳೆದು ಬಂದುದು. ಈಗ ಚಲಚ್ಚಿತ್ರದ ಕಥೆಯನ್ನು ಪರೀಕ್ಷಿಸಿ ತಿದ್ದುವ ಕಾರ್ಯಕ್ಕೆ ಕೃತಕ ಬುದ್ಧಿಯು ನಿಯುಕ್ತವಾಗುತ್ತಿದೆ. ಕನ್ನಡದಲ್ಲಿಯೂ 2025ರ ‘ಲವ್ ಯೂ’ ಎಂಬ ಚಿತ್ರವು ಯಂತ್ರಬುದ್ಧಿಯ ನೆರವಿನಿಂದಲೇ ನಿರ್ಮಿತವಾಯಿತು. ಆದುದರಿಂದ ಯಂತ್ರದ ತೀರ್ಪಿಗೆ ಎಷ್ಟು ಪ್ರಾಮಾಣ್ಯವುಂಟೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಈ ಪದ್ಧತಿಯ ಮೂಲಸ್ವರೂಪವು ಅಮೇರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೇಖನದಿಂದ ಸ್ಪಷ್ಟವಾಗುವುದು. ಸುಮಾರು 10,000 ಇಂಗ್ಲಿಷ್ ಶಬ್ದಗಳಿಗೆ ಜನರು ಕೊಟ್ಟ ಸುಖದುಃಖಗಳ ಅಂಕಗಳನ್ನು ಆಧಾರವಾಗಿಟ್ಟುಕೊಂಡು, 1,327 ಕಥಾಗ್ರಂಥಗಳನ್ನು ಭಾಗಭಾಗವಾಗಿ ಅಳೆದು, ಭಾವದ ಏರಿಳಿತಗಳಿಗೆ ಆರು ಮುಖ್ಯ ರೇಖೆಗಳುಂಟೆಂದು ಅವರು ನಿರ್ಣಯಿಸಿದರು. ಇಂದಿನ ಭಾಷಾಯಂತ್ರಗಳು ಈ ಎಣಿಕೆಯನ್ನು ದಾಟಿ ಬಂದಿವೆ. ಅವು ವಾಕ್ಯದ ಸಂದರ್ಭವನ್ನು ಲೆಕ್ಕಕ್ಕೆ ತಂದುಕೊಂಡು, ಯಾವ ದೃಶ್ಯವು ಸಡಿಲವಾಗಿದೆ, ಯಾವ ಪಾತ್ರವು ನಡುವೆ ಮರೆಯಾಗಿದೆ ಎಂಬುದನ್ನು ತೋರಿಸಿ, ತಿದ್ದುಪಡಿಯನ್ನೂ ಸೂಚಿಸುವುವು. ಆದರೆ ಆ ಸೂಚನೆಯು ಹಿಂದಿನ ಬರಹಗಳಲ್ಲಿ ರೂಢವಾದುದರ ಕಡೆಗೇ ವಾಲುವುದು ಸಹಜ.

ಈ ಅಳತೆಯನ್ನು ಕನ್ನಡದ ಕೃತಿಯೊಂದರ ಮೇಲಿಟ್ಟು ನೋಡಬಹುದು. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ವು (1990) ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಬಾಳಿದ ಷರೀಫರ (1819–1889) ಚರಿತ್ರವನ್ನು ಕುರಿತದ್ದು; ಅದರ ಜೀವವು ಪದಗಳಲ್ಲಿರುವುದು. ಷರೀಫರ ಪದಗಳಲ್ಲಿ ಸೋರುವ ಮಾಳಿಗೆಯು ಮನೆಯ ದುರವಸ್ಥೆಯಷ್ಟೇ ಅಲ್ಲ, ಅಜ್ಞಾನದಿಂದ ಕೂಡಿದ ಬಾಳಿನ ಸಂಕೇತವೂ ಆಗಿದೆ. ವಾಚ್ಯಾರ್ಥವನ್ನು ಮಾತ್ರ ತೂಗುವ ಅಳತೆಗೆ ಇಂತಹ ಬೆಡಗು ಸಿಕ್ಕದು. ಈ ಪದಗಳಿಗೆ ವ್ಯಾಖ್ಯಾನಗಳು ಈಗಾಗಲೇ ಇರುವುದರಿಂದ ಇಂದಿನ ಯಂತ್ರವು ಅವುಗಳ ಅರ್ಥವನ್ನು ಸರಿಯಾಗಿ ಹೇಳಲೂಬಹುದು. ಆದರೆ ನಾಳೆ ಹುಟ್ಟುವ ಹೊಸ ಬೆಡಗಿಗೆ ವ್ಯಾಖ್ಯಾನವೆಲ್ಲಿಯದು?

ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕವು ಇದಕ್ಕೆ ಮತ್ತೊಂದು ನಿದರ್ಶನ. ಮಹಾನವಮಿಯ ಕಾಲದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವುದು ಒಂದೇ ಚಿಕ್ಕ ವಾಕ್ಯ. ಅದನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹೊಂದಿಸಿ ಅರ್ಥಮಾಡುವವರು ಕೇಳುಗರು. ನುಡಿಗೆ ಮುನ್ನ ನೆರೆದ ಸಾವಿರಾರು ಜನರು ತಾಳುವ ಮೌನವೂ ಆ ನುಡಿಯ ಅಂಗವೇ ಸರಿ. ಇಂತಹ ಪ್ರಸಂಗವು ಚಿತ್ರಕಥೆಯಲ್ಲಿ ಬಂದರೆ, ರೂಢಿಯನ್ನನುಸರಿಸುವ ತಿದ್ದುಗಾರನು ಮೌನವನ್ನು ಸಡಿಲವೆಂದು ಕತ್ತರಿಸಿ, ನುಡಿಯನ್ನು ಅಸ್ಪಷ್ಟವೆಂದು ವಿವರಿಸಿ, ಸೀಮೆಯ ಆಡುಮಾತನ್ನು ಗ್ರಾಂಥಿಕಕ್ಕೆ ತಿರುಗಿಸುವ ಅಪಾಯವುಂಟು. ಆಗ ಉಳಿಯುವುದು ಸರಿಯಾದ ವಾಕ್ಯ, ಅಳಿಯುವುದು ಕಾರ್ಣಿಕ.

ಈ ಭಯವು ಕೇವಲ ಊಹೆಯಲ್ಲ. 2013ರ ‘ರಾಂಝಣಾ’ ಎಂಬ ಹಿಂದೀ ಚಿತ್ರದ ತಮಿಳು ರೂಪವಾದ ‘ಅಂಬಿಕಾಪತಿ’ಯನ್ನು 2025ರ ಆಗಸ್ಟಿನಲ್ಲಿ ಪುನಃ ತೆರೆಗೆ ತಂದಾಗ, ಮೂಲದಲ್ಲಿ ಸಾಯುವ ನಾಯಕನು ಯಂತ್ರಬುದ್ಧಿಯ ನೆರವಿನಿಂದ ಬದುಕಿ ಏಳುವಂತೆ ಅಂತ್ಯವನ್ನು ಬದಲಾಯಿಸಲಾಯಿತು. ನಿರ್ದೇಶಕ ಆನಂದ್ ಎಲ್. ರಾಯ್ ಅವರೂ ನಟ ಧನುಷ್ ಅವರೂ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಹೀಗೆ ಬದಲಾಯಿಸಿದ ಅಪರಾಧವು ಯಂತ್ರದ್ದಲ್ಲ, ಅದನ್ನು ಬಳಸಿದವರ ನಿರ್ಣಯದ್ದು. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಪ್ರತಿಪಾದಿಸಿದನು. ಆ ದೃಷ್ಟಿಯಿಂದ ನೋಡಿದರೆ, ಹಿಂದಿನ ದೃಶ್ಯಗಳೆಲ್ಲವೂ ಮರಣದ ಕಡೆಗೆ ನಡೆದಿರುವಾಗ ಕೊನೆಯಲ್ಲಿ ಅಂಟಿಸಿದ ಸುಖವು ಸುಧಾರಣೆಯಲ್ಲ, ರಸಭಂಗ.

ಹಾಗೆಂದು ಅಳತೆಯು ವ್ಯರ್ಥವೆನ್ನಲಾಗದು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣದಿಂದ. ಆ ಬಣ್ಣವನ್ನು ಪ್ರಯೋಗಶಾಲೆಯಲ್ಲಿ ಅಳೆಯುವರು. ಆ ಅಂಕವು ವ್ಯಾಪಾರಿಗೆ ನಿಜವಾದ ಉಪಕಾರಿ. ಸಾರಿನ ರುಚಿಯನ್ನಾದರೋ ಅದು ಹೇಳದು. ಅದರಂತೆ ದೃಶ್ಯಗಳ ಪಟ್ಟಿ, ಕಾಲಕ್ರಮದ ತಪ್ಪು, ಪುನರುಕ್ತಿ ಇವುಗಳ ಶೋಧನೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ತಿದ್ದುವ ಅಧಿಕಾರವು ಮಾತ್ರ ಧ್ವನಿಯನ್ನು ಬಲ್ಲವನಲ್ಲಿಯೇ ಉಳಿಯತಕ್ಕುದು. ಯಂತ್ರವು ಸಡಿಲವೆಂದು ಗುರುತುಮಾಡಿದ ಎಡೆಯನ್ನೇ ತರಗತಿಯಲ್ಲಿ ಮತ್ತೆ ಓದಿಸಿ, ಅಲ್ಲಿರುವುದು ದೋಷವೋ ಧ್ವನಿಯೋ ಎಂದು ವಿದ್ಯಾರ್ಥಿಗಳಿಂದ ವಿಚಾರ ಮಾಡಿಸುವುದು ಅಧ್ಯಾಪಕರಿಗೆ ಉಚಿತವಾದ ಕಾರ್ಯವಾಗಿದೆ.