ಬಂದ ಗಾಳಿಗೆ ಹಿತ್ತಲ ಬಾಗಿಲು

ಏಪ್ರಿಲ್ ಕೊನೆಯ ವಾರ. ಕಡರನಾಯಕನಹಳ್ಳಿಯ ಹೊರಗೆ ನಾಲೆ ಏರಿಯ ಮೇಲೆ ಭತ್ತ ತುಂಬಿದ ಲಾರಿಯೊಂದು ಹಿಂದಿನ ಎಡಚಕ್ರ ಹೂತು ವಾಲಿ ನಿಂತಿತ್ತು. ಎಳೆಯಲು ಹರಿಹರದಿಂದ ಬಂದದ್ದು ನಮ್ಮ ಚಿಕ್ಕಪ್ಪನ ಮಗನ ಕ್ರೇನ್ ಗಾಡಿ. ವೈರ್ ರೋಪ್ ಬಿಗಿದು ವಿಂಚ್ ಹಾಕಿ ಇಪ್ಪತ್ತು ನಿಮಿಷ ಎಳೆದದ್ದೇ ತಡ, ಎಳೆಯಲು ಬಂದ ಗಾಡಿಯೇ ಕುದಿಯಿತು. ಹೂತ ಲಾರಿಯ ಡ್ರೈವರೇ ನಾಲೆಗಿಳಿದು ಕೊಡದಲ್ಲಿ ನೀರು ಹೊತ್ತು ತಂದ.

"ದೊಡ್ಡ ರೇಡಿಯೇಟರ್ ಹಾಕ್ಸಿದ್ರೆ ಸರಿ ಹೋಗುತ್ತಂತಣ್ಣ. ಹಾಕ್ಸೇ ಬಿಡ್ತೀನಿ" ಅಂದ ತಮ್ಮ. ಬೇಡ, ಒಂದು ಭಾನುವಾರ ಗಾಡಿ ನನಗೆ ಬಿಡು ಅಂದೆ.

ಡೀಸೆಲ್ ಎಂಜಿನ್ನಿನ ಲೆಕ್ಕ ಸರಳ. ನೂರು ರೂಪಾಯಿಯ ಡೀಸೆಲ್ ಸುಟ್ಟರೆ ಹೆಚ್ಚೆಂದರೆ ಮೂವತ್ತೈದು ನಲವತ್ತು ರೂಪಾಯಿಯಷ್ಟು ಕೆಲಸವಾಗುತ್ತದೆ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ ಹೋದರೆ, ಇಪ್ಪತ್ತೈದು ಮೂವತ್ತು ರೂಪಾಯಿಯಷ್ಟು ನೀರಿಗೆ ಇಳಿಯುತ್ತದೆ. ಆ ನೀರನ್ನು ತಣಿಸುವುದು ಗಾಳಿ. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಓಡುವ ಲಾರಿಗೆ ಗಾಳಿ ತಾನಾಗಿ ಎದೆಗೆ ಬಡಿಯುತ್ತದೆ. ಎಳೆಯುವ ಗಾಡಿಗೆ ಆ ಭಾಗ್ಯವಿಲ್ಲ. ಅದರ ಅತಿ ಕಷ್ಟದ ಕೆಲಸ ನಿಂತಲ್ಲೇ ನಡೆಯುತ್ತದೆ. ಎಂಜಿನ್ ಸಾವಿರದೈನೂರು ಸುತ್ತಿನಲ್ಲಿ ದುಡಿಯುತ್ತಿರುತ್ತದೆ, ಚಕ್ರ ಮಾತ್ರ ಕದಲುವುದಿಲ್ಲ. ಅಮೆರಿಕದ ಚಟ್ಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ 1916ರಲ್ಲಿ ಕಾರಿನ ಬೆನ್ನಿಗೆ ಕಂಬ, ರಾಟೆ, ಸರಪಳಿ ಕಟ್ಟಿ ಮೊದಲ ಟೋಯಿಂಗ್ ಗಾಡಿ ಮಾಡಿದ. ಈ ಕಸುಬಿನ ಗಾಡಿಗೆ ನಿಂತು ಬೇಯುವ ಕರ್ಮ ಅಂದಿನಿಂದಲೇ ಅಂಟಿದೆ.

ನಿಂತ ಗಾಡಿಗೆ ಗಾಳಿ ಕೊಡುವುದು ಫ್ಯಾನ್ ಒಂದೇ. ವಿಲ್ಹೆಲ್ಮ್ ಮೈಬಾಕ್ 1900ರಲ್ಲಿ ಮರ್ಸಿಡಿಸ್ ಕಾರಿಗೆ 8,070 ಸಣ್ಣ ಕೊಳವೆಗಳನ್ನು ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದಾಗ ಅದರ ಹಿಂದೆ ಒಂದು ಪುಟ್ಟ ಫ್ಯಾನನ್ನೂ ಇಟ್ಟಿದ್ದ. ಗಾಡಿ ನಿಧಾನವಾದಾಗ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಜನ ಕೊಳವೆಗಳ ಸಂಖ್ಯೆಯನ್ನು ಹೊಗಳುತ್ತಾರೆ. ನನಗೆ ಆ ಫ್ಯಾನ್ ಮೇಲೆಯೇ ಹೆಚ್ಚು ಗೌರವ.

ಭಾನುವಾರ ಗಾಡಿ ನಮ್ಮ ಕಣದಲ್ಲಿ ನಿಂತಿತು. ಮೊದಲು ಮುಂದಿನ ಜಾಲರಿ ನೋಡಿದೆ. ಎರಡು ದೊಡ್ಡ ಹಾರ್ನ್, ನಾಲ್ಕು ಲೈಟು, ಒಂದು ನಾಮಫಲಕ, ಅದರ ಮುಂದೆ ದಪ್ಪ ಕಬ್ಬಿಣದ ಬಂಪರ್. ಗಾಳಿ ಬರುವ ಬಾಗಿಲ ಅರ್ಧಕ್ಕೇ ಸಾಮಾನು ಒಟ್ಟಿದಂತಿತ್ತು. ಜಾಲರಿಯ ಹಿಂದೆ ವಿಂಚಿನ ಹೈಡ್ರಾಲಿಕ್ ಆಯಿಲ್ ಕೂಲರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವಿನ ಸಂದಿಗೆ ಟಾರ್ಚ್ ಬಿಟ್ಟಾಗ ಕಂಡದ್ದು ಕಂಬಳಿಯಂತೆ ಕೂತ ಭತ್ತದ ಹೊಟ್ಟು ಮತ್ತು ಸುಂಕು. ಹರಿಹರ, ಮಲೇಬೆನ್ನೂರು ಕಡೆ ಕಟಾವಿನ ಕಾಲದಲ್ಲಿ ಓಡುವ ಯಾವ ಗಾಡಿಗೂ ಇದು ತಪ್ಪದು. ಮುಂದಿನಿಂದ ಜೋರಾಗಿ ನೀರು ಹೊಡೆದರೆ ಹೊಟ್ಟು ಇನ್ನೂ ಒಳಕ್ಕೆ ಹೋಗುತ್ತದೆ. ಎಂಜಿನ್ ಬದಿಯಿಂದ ಹೊರಕ್ಕೆ, ರೇಡಿಯೇಟರಿನ ತೆಳು ರೆಕ್ಕೆಗಳು ಬಾಗದಷ್ಟು ಮೆಲ್ಲಗೆ ನೀರು ಬಿಡಬೇಕು. ಒಂದು ತಾಸು ಹಿಡಿಯಿತು.

ಆಮೇಲೆ ನನ್ನ ಮೆಚ್ಚಿನ ಪರೀಕ್ಷೆ. ಎಂಜಿನ್ ಶುರು ಮಾಡಿ, ಹಚ್ಚಿದ ಊದಿನಕಡ್ಡಿಯನ್ನು ರೇಡಿಯೇಟರಿನ ಅಂಚಿನ ಸುತ್ತ ನಿಧಾನವಾಗಿ ಆಡಿಸಿದೆ. ಹೊಗೆ ಒಳಕ್ಕೆ ಹೋಗಬೇಕಿತ್ತು, ಆದರೆ ಎಡಬದಿಯ ಸಂದಿಯಿಂದ ಮುಂದಕ್ಕೆ ಉಗುಳಿ ಬಂತು. ಅಂದರೆ ರೇಡಿಯೇಟರ್ ದಾಟಿ ಕಾದ ಗಾಳಿ ಹಿಂದೆ ದಾರಿ ಕಾಣದೆ ಬದಿಯಿಂದ ಸುತ್ತಿ ಮತ್ತೆ ಮುಂದಕ್ಕೇ ಬರುತ್ತಿತ್ತು. ನೀರು 95 ಡಿಗ್ರಿ, ಗಾಳಿ 38 ಡಿಗ್ರಿ ಇದ್ದರೆ ನಡುವಿನ ಅಂತರ 57. ಅದೇ ಗಾಳಿ ಸುತ್ತಿ ಬಂದು 50 ಆದರೆ ಅಂತರ 45ಕ್ಕೆ ಇಳಿಯುತ್ತದೆ. ತಣಿಸುವ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಅಲ್ಲೇ ಹೋಯಿತು. ಈ ಗಾಡಿಗೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಅದಕ್ಕೂ ಎಂಜಲು ಗಾಳಿಯೇ ಗತಿ.

ಹಾಗಾದರೆ ಕಾದ ಗಾಳಿ ಹೊರಗೆ ಏಕೆ ಹೋಗುತ್ತಿಲ್ಲ? ಕೆಳಗೆ ಮಲಗಿ ನೋಡಿದೆ. ಗದ್ದೆಯ ಕೆಸರು ಸಿಡಿಯಬಾರದೆಂದು ಎಂಜಿನ್ ಅಡಿಗೆ ಯಾರೋ ಇಡೀ ತಗಡು ಹೊದಿಸಿದ್ದರು. ಎರಡೂ ಬದಿ ಟೂಲ್ ಬಾಕ್ಸ್. ಹಿಂದೆ ಸರಪಳಿಯ ಪೆಟ್ಟಿಗೆ. ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ತಲೆಬಾಗಿಲಿಗೆ ನೇರವಾಗಿ ಹಿತ್ತಲ ಬಾಗಿಲು ಇಡುತ್ತಿದ್ದರು, ಅಡುಗೆಮನೆಯ ಮೇಲೆ ಬೆಳಕಿಂಡಿ ಬಿಡುತ್ತಿದ್ದರು. ಹಿತ್ತಲ ಬಾಗಿಲು ಮುಚ್ಚಿದರೆ ತಲೆಬಾಗಿಲು ತೆರೆದಿದ್ದೂ ಗಾಳಿಯಾಡುವುದಿಲ್ಲ. ಈ ಗಾಡಿಯದ್ದೂ ಅದೇ ಪಾಡು.

ತಗಡಿನ ಹಿಂದಿನ ಅರ್ಧ ಕತ್ತರಿಸಿ ತೆಗೆಸಿದೆ. ಮುಂದಿನ ಅರ್ಧ ಉಳಿಯಿತು, ಕೆಸರಿಗೆ ಅಷ್ಟು ಸಾಕು. ಟೂಲ್ ಬಾಕ್ಸ್‌ಗಳು ಹಿಂದಿನ ಚಕ್ರದ ಕಡೆ ಸರಿದವು. ಹಾರ್ನು ಕ್ಯಾಬಿನ್ ಮೇಲೇರಿತು. ಆಯಿಲ್ ಕೂಲರನ್ನು ರೇಡಿಯೇಟರಿನ ಮುಂದಿನಿಂದ ಬಿಡಿಸಿ ಚಾಸಿಯ ಬದಿಗೆ ಹಾಕಿ, ಅದಕ್ಕೇ ಒಂದು ಎಲೆಕ್ಟ್ರಿಕ್ ಫ್ಯಾನ್ ಕೊಟ್ಟೆವು. ರೇಡಿಯೇಟರಿನ ಸುತ್ತಲ ಸಂದಿಗಳಿಗೆ ಹಳೆಯ ಲಾರಿ ಟ್ಯೂಬ್ ಸೀಳಿ ಪಟ್ಟಿ ಮಾಡಿ ಬಿಗಿದೆವು.

ಫ್ಯಾನಿನ ಸುತ್ತ ಇರುವ ಹೊದಿಕೆ, ಅಂದರೆ ಶ್ರೌಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಎಲ್ಲರೂ ಕಡೆಗಣಿಸುವುದು ಅದನ್ನೇ. ಫ್ಯಾನಿನ ರೆಕ್ಕೆ ಅರ್ಧ ಶ್ರೌಡಿನ ಒಳಗೆ, ಅರ್ಧ ಹೊರಗೆ ಇರಬೇಕು. ಪೂರ್ತಿ ಹೊರಗಿದ್ದರೆ ಬದಿಯ ಗಾಳಿಯನ್ನೇ ಕಡೆಯುತ್ತದೆ, ಪೂರ್ತಿ ಒಳಗಿದ್ದರೆ ಎಳೆದ ಗಾಳಿಯನ್ನು ಸುತ್ತಲೂ ಚೆಲ್ಲಲಾರದು. ರೆಕ್ಕೆಯ ತುದಿಗೂ ಶ್ರೌಡಿಗೂ ನಡುವೆ ಸುಮಾರು ಒಂದಿಂಚು. ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗುತ್ತದಾದ್ದರಿಂದ ಇನ್ನೂ ಬಿಗಿ ಮಾಡಿದರೆ ತಾಗುತ್ತದೆ. ಈ ಗಾಡಿಯಲ್ಲಿ ಆ ಸಂದಿ ಅಂಗೈ ತೂರುವಷ್ಟಿತ್ತು. ಅದಕ್ಕೆ ತಗಡಿನ ಬಳೆ ಮಾಡಿಕೊಟ್ಟವರು ಹರಿಹರದ ಒಬ್ಬ ಹಿರಿಯರು. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಕೊಟ್ಟಿತು, ಈ ಊರಿಗೆ ಕೈಗಳನ್ನು ಕೊಟ್ಟಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದ ಮೇಲೂ ಅಲ್ಲಿ ಪಳಗಿದ ಕೈ ತಗಡಿನ ಮೇಲೆ ಗೆರೆ ಎಳೆಯುವುದನ್ನು ನೋಡುವುದೇ ಒಂದು ಸುಖ.

ಬಾನೆಟ್ಟಿನ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎತ್ತುವುದು ನಮ್ಮಲ್ಲಿ ವಾಡಿಕೆ. ನಿಂತಾಗ ಅಲ್ಲಿಂದ ಬಿಸಿ ಹೊರಹೋಗುವುದು ನಿಜ. ಆದರೆ ಗಾಡಿ ಓಡಿದಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಏರಿ, ಅದೇ ಸಂದಿಯಿಂದ ಒಳಕ್ಕೆ ನುಗ್ಗುತ್ತದೆ. ತಮ್ಮ ಹಾಕಿಸಿದ್ದ ವಾಷರ್ ತೆಗೆಸಿದೆ.

ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನು ಹಿಂದೊಮ್ಮೆ ಬಿಸಿಯಾದಾಗ ಕಿತ್ತು ಎಸೆದಿದ್ದರು. ಅದನ್ನು ತೆಗೆದರೆ ತಂಪು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಎಷ್ಟೋ ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಹೊಸದು ಹಾಕಿಸಿದೆ. ಬೋರಿನ ಸವಳು ನೀರು ಚೆಲ್ಲಿ ಕೂಲೆಂಟ್ ತುಂಬಿಸಿದೆ. ರೇಡಿಯೇಟರಿನ ಮುಚ್ಚಳವೂ ಹೊಸದು. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳವಿದ್ದರೆ ನಮ್ಮ ಎತ್ತರದಲ್ಲಿ 98 ಡಿಗ್ರಿಗೆ ಕುದಿಯುವ ನೀರು 117ರ ಹತ್ತಿರದವರೆಗೆ ತಡೆಯುತ್ತದೆ.

ಮತ್ತೆ ಊದಿನಕಡ್ಡಿ ಹಚ್ಚಿದೆ. ನಾಲ್ಕೂ ಅಂಚಿನಲ್ಲಿ ಹೊಗೆ ದಾರದಂತೆ ನೆಟ್ಟಗೆ ಒಳಕ್ಕೆ ಹೋಯಿತು.

ಹತ್ತು ದಿನದ ಮೇಲೆ ಹೆದ್ದಾರಿಯ ಬದಿ ಉರುಳಿದ ಹತ್ತು ಚಕ್ರದ ಲಾರಿಯನ್ನು ನಡುಮಧ್ಯಾಹ್ನ ಎತ್ತಿದ್ದಾಗಿ ತಮ್ಮ ಫೋನ್ ಮಾಡಿದ. ಮುಕ್ಕಾಲು ಗಂಟೆ ವಿಂಚ್ ನಡೆದರೂ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತಂತೆ. ಕೆಲಸ ಮುಗಿದ ಮೇಲೆ ನಾನು ಹೇಳಿದಂತೆ ಮೂರು ನಿಮಿಷ ಎಂಜಿನ್ ಸುಮ್ಮನೆ ತಿರುಗಲು ಬಿಟ್ಟು ಆಫ್ ಮಾಡಿದನಂತೆ. ಕ್ಯಾಬಿನ್ನಿನಲ್ಲಿ ಎಂಜಿನ್ ಕವರ್ ಮೇಲೆ ಒಂದು ಗೋಣಿಚೀಲ ಇರುತ್ತದೆ. ಕಾಲು ಸುಡಬಾರದೆಂದು ಅದನ್ನು ಗಂಟೆಗೊಮ್ಮೆ ನೀರಲ್ಲಿ ಅದ್ದಿ ಹಾಸುವುದು ಕ್ಲೀನರ್ ಹುಡುಗನ ಕೆಲಸ. "ಇವತ್ತು ಒಣಗಿದ್ದೇ ಹಾಸಿದ್ವಣ್ಣ" ಅಂದ.